ಕುಂತ ಮ್ಯಾಲ ಏಳಬೇಕಲ್ರೀ!

ಬಗ್ಗಿಕೊಂಡು ಬಂದವರನ್ನ ನೆಟ್ಟಗ ಮಾಡಿ ಕಳಸೋದು ನನ್ನ ಕೆಲಸ. ಆದ್ರ ಬಗ್ಗಿದವರು ನೆಟ್ಟಗಾಗೋ ಆ ನಡುವಿನ ಹೊತ್ತಿನ್ಯಾಗ ಏನಾರ ಒಂದು ಫಜೀತಿ ಆಗಲಾರದ ದಿನ ನನ್ನ ದವಾಖಾನ್ಯಾಗ ಇನ್ನೂ ಹುಟ್ಟಿಲ್ಲ.

ದವಾಖಾನಿ ಇರೋದು ಶಹಾಬಾದದಾಗ. ಬಾಗಿಲ ಮ್ಯಾಲ 'ಕೈರೋಪ್ರಾಕ್ಟಿಕ್ ಮತ್ತು ವ್ಯಾಯಾಮ ಚಿಕಿತ್ಸೆ' ಅಂತ ದೊಡ್ಡ ಬೋರ್ಡು ಹಾಕೀನಿ. ಅದನ್ನ ಓದಿದ್ರ ನಾಲಿಗಿ ಉಳುಕ್ತದ ಅಂತ ಮಂದಿ ನನಗ 'ಟಕ್ ಡಾಕ್ಟ್ರು' ಅಂತಾರ. ಕೈಯಿಂದ ಒತ್ತಿದಾಗ ಬೆನ್ನು ಟಕ್ ಅಂತದಲ್ಲ, ಅದಕ್ಕ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಾ ಕಡಿಯಿಂದ ಬರ್ತಾರ. ಬಂದವರೆಲ್ಲ ಬರೇ ಆ ಟಕ್ ಸಲುವಾಗಿ ಬಂದವರು. ಕಸರತ್ತು ಅಂದ ಕೂಡ್ಲೆ ಚಪ್ಪಲಿ ಹುಡುಕ್ತಾರ. ಅದಕ್ಕ ನಾ ಎಲ್ಲಾರಿಗೂ ಒಂದೇ ಮಾತು ಹೇಳ್ತೀನಿ: "ಅರ್ಧ ಕೆಲಸ ನನ್ನ ಕೈದು, ಅರ್ಧ ನಿಮ್ಮ ಮೈದು."

ಒಳಗ ಗ್ವಾಡಿ ಮ್ಯಾಲ ಇನ್ನೊಂದು ಬೋರ್ಡು ಅದ: 'ಕುರ್ಚಿ ಬಿಡ್ರಿ, ನೆಲಕ್ಕ ಕುಂದ್ರಿ. ಕೈ ಊರದೇ ಏಳ್ರಿ.' ಅರವತ್ತು ದಾಟಿದವರು ಯಾರೇ ಬರ್ಲಿ, ಮೊದಲು ನೆಲಕ್ಕ ಕುಂತು ಎದ್ದು ತೋರಸಬೇಕು. ಏಳಲಿಕ್ಕ ಬರಲಿಲ್ಲಂದ್ರ ಎಲ್ಲಾರ ಮುಂದ ಹತ್ತು ನಿಮಿಷ ಭಾಷಣ ಬಿಗೀತೀನಿ.

ಹಂಗಾದ್ರ ನೀವೆಷ್ಟು ಕಸರತ್ತು ಮಾಡ್ತೀರಿ ಅಂತ ಕೇಳ್ಬ್ಯಾಡ್ರಿ. ನಾ ಡಾಕ್ಟರ್ ಅದೀನ್ರಿ, ಪೇಶಂಟ್ ಅಲ್ಲ! ಅರವತ್ತೊಂದು ವಯಸ್ಸು. ಮುಂಜಾನಿ ಪಲ್ಲಂಗದಿಂದ ಇಳೀಬೇಕಾದ್ರ ಮೊದಲು ಎಡಕ್ಕ ಉರುಳಿ, ಕಿಟಕಿ ಸರಳು ಹಿಡದು, ಎಲ್ಲಾ ದೇವರ ಹೆಸರು ಒಂದು ಸುತ್ತು ಹೇಳಿ ಇಳೀತೀನಿ. ಇದು ಗೊತ್ತಿದ್ದದ್ದು ಹೆಂಡ್ತಿ ಒಬ್ಬಾಕಿಗೇ.

ಹಿಂಗಿದ್ದಾಗ ಮಗಳ ಲಗ್ನ ಗೊತ್ತಾತು. ನಮ್ಮದು ವೈಷ್ಣವರ ಮನಿ. ಕನ್ಯಾದಾನ ಮಾಡೋ ಅಪ್ಪ ಕಟ್ಟಿಗಿ ಮಣಿ ಮ್ಯಾಲ ಕಾಲು ಮಡಚಿ ಒಂದೂವರಿ ತಾಸು ಕುಂದರಬೇಕು, ಮುಹೂರ್ತ ಬಂದ ಕೂಡ್ಲೆ ಎದ್ದು ನಿಂತು ಧಾರಿ ಎರೀಬೇಕು. ಐದೂ ಊರಿನ ಪೇಶಂಟ್‌ಗಳು ಲಗ್ನಕ್ಕ ಬರೋರೇ.

"ಏನ್ರೀ, ಸುಮ್ನ ಕುರ್ಚಿ ಹಾಕಸೋಣೇನು?" ಅಂದ್ಲು ಹೆಂಡ್ತಿ.

"ಕುರ್ಚಿ ಮ್ಯಾಲ ಕುಂತ್ರ ಮರುದಿನ ದವಾಖಾನಿಗಿ ಬೀಗ ಹಾಕೋದೇ," ಅಂದೆ. "ಇನ್ನೂ ಮೂರು ತಿಂಗಳದ. ಅಷ್ಟೊತ್ತಿಗಿ ಹುಲಿ ಆಗ್ತೀನಿ ನೋಡು."

ಆ ಮೂರು ತಿಂಗಳದ ಕತಿ ಇದು.

ಹಿರಿ ಸೊಸಿಯ ಬೆನ್ನು

ಚಿತ್ತಾಪುರದಿಂದ ಇಬ್ಬರು ನೆಗೆಣ್ಣಿಯರು ಬರ್ತಿದ್ರು. ಒಂದೇ ಮನಿ ಸೊಸೆಂದ್ರು, ಒಂದೇ ಬಸ್ಸು, ಒಂದೇ ನಮೂನಿ ಟೊಂಕದ ನೋವು. ಮೊದಲು ಕಿರಿಯಾಕಿ ಮಲಗಿದ್ಲು. ಒತ್ತಿದೆ. ಟಕ್, ಟಕ್, ಟಕ್, ಟಕ್. ನಾಕು. ಆಮ್ಯಾಲ ಹಿರಿಯಾಕಿ. ಟಕ್, ಟಕ್. ಮುಗೀತು.

ಹಿರಿಯಾಕಿ ಮಲಗಿದಲ್ಲೇ ತಲಿ ಎತ್ತಿ, "ಮುಂದ?" ಅಂದ್ಲು.

"ಮುಂದೇನಿಲ್ರಿ ಅಕ್ಕಾರ, ಆತು. ಈಗ ಕಸರತ್ತು ತೋರಸ್ತೀನಿ."

"ಹೆಂಗಾತ್ರಿ? ಆಕಿಗಿ ನಾಕು, ನನಗ ಎರಡಾ? ಮನಿಗಿ ಹಿರಿ ಸೊಸಿ ನಾನು. ಮದ್ವಿ ಆಗಿ ಬಂದಾಗಿಂದ ಕೊಡಾ ಹೊತ್ತಾಕಿ ನಾನು. ಇಲ್ಲಿ ಬಂದೂ ನನಗ ಕಡಿಮ್ಯಾ?"

"ಅದು ಎಲುಬಿನ ಸಂದ್ಯಾಗಿನ ಗಾಳಿ ಸಪ್ಪಳ ಅಷ್ಟೇರಿ. ಸಪ್ಪಳಕ್ಕೂ ಗುಣಕ್ಕೂ ಏನೂ ಸಂಬಂಧ ಇಲ್ಲ. ಗುಣ ಇರೋದು ಕಸರತ್ತಿನ್ಯಾಗ."

"ಹಂಗಾದ್ರ ಆಕಿ ಗಾಳಿ ನಾಕು ಸಲ ತಗದೀರಿ, ನಂದು ಎರಡು ಸಲ. ಉಳಿದದ್ದು ನಾ ಮನಿಗಿ ಒಯ್ಯಲೇನು?"

ಇನ್ನೂ ಒತ್ತಿದ್ರ ಬೆನ್ನಿಗೇ ಕೇಡು. ಒತ್ತಲಿಲ್ಲಂದ್ರ ಹಿರಿಯಾಕಿ ಟೇಬಲ್ ಬಿಟ್ಟು ಏಳಂಗಿಲ್ಲ. ನಾ ಏನ್ ಮಾಡಿದೆ, ಒಂದು ಕೈ ಆಕಿ ಬೆನ್ನ ಮ್ಯಾಲ ಹಗುರಕ ಇಟ್ಟೆ, ಇನ್ನೊಂದು ಕೈ ಟೇಬಲ್ ಕೆಳಗ ಒಯ್ದು ನನ್ನ ಬಟ್ಟು ಮುರಕೊಂಡೆ. ಟಕ್. ಟಕ್. ಟಕ್. ಹೆಬ್ಬಟ್ಟೂ ಸೇರಿಸಿ ಮೂರು ಬಂದವು. ಒಟ್ಟು ಐದು. ಹಿರಿಯಾಕಿ ಮಾರಿ ಮ್ಯಾಲ ಹುಣ್ಣಿಮಿ ಬೆಳದಿಂಗಳು.

"ಹಾಂ, ಈಗ ನೋಡ್ರಿ ಹಗುರಾತು! ಖರೇ ನೋವಿದ್ದಲ್ಲಿಗೇ ಮುಟ್ಟಿತು."

ಮೂಲ್ಯಾಗ ಕುಂತಿದ್ದ ಕಿರಿಯಾಕಿ ಎಲ್ಲಾ ನೋಡ್ಲಿಕತ್ತಿದ್ಲು. ಮೆಲ್ಲಕ ಕೇಳಿದ್ಲು: "ಡಾಕ್ಟ್ರೇ, ನಮ್ಮ ಅಕ್ಕನ ಬೆನ್ನು ಅರ್ಧ ಟೇಬಲ್ ಕೆಳಗ ಅದ ಏನ್ರಿ?"

ಪಾಲಿಶ್

ನನ್ನ ಮಾತು ಅಕ್ಷರಶಃ ಕೇಳಿದ ಪೇಶಂಟ್ ಇಡೀ ತಾಲೂಕಿನ್ಯಾಗ ಒಬ್ಬರೇ, ನಮ್ಮ ಓಣಿ ಚಾಚಾ. ನಲವತ್ತು ವರ್ಷ ಪರಸಿ ಕಲ್ಲು ಕೊಯ್ದು ಪಾಲಿಶ್ ಮಾಡಿದ ಮನುಷ್ಯ. ಬೆನ್ನು, ಮಣಕಾಲು ಎರಡೂ ಹಿಡಕೊಂಡು ಮಸೀದ್ಯಾಗ ಸಾಲಿನ ತುದಿಗಿ ಕುರ್ಚಿ ಹಾಕ್ಕೊಂಡು ನಮಾಜ್ ಮಾಡೋ ಹಂಗಾಗಿತ್ತು. "ಡಾಕ್ಟರ್ ಸಾಬ್, ದೋಸ್ತ್‌ಗಳೆಲ್ಲ ಕೆಳಗ, ನಾ ಒಬ್ಬನೇ ಮ್ಯಾಲ. ತಹಸೀಲ್ದಾರ ಬಂದು ಕುಂತಂಗ ಕಾಣ್ತದ. ಶರಮ್ ಆಗ್ತದ," ಅಂತ ಕಣ್ಣಾಗ ನೀರು ತಂದಿದ್ರು.

ನಾ ಒತ್ತೋದು ಒತ್ತಿದೆ, ಅವರು ಮಾಡೋದು ಮಾಡಿದ್ರು. ದಿನಾ ಮುಂಜಾನಿ ಕಲ್ಲಿನ ಯಾರ್ಡಿನ್ಯಾಗ ಒಂದರ ಮ್ಯಾಲೊಂದು ಒಟ್ಟಿದ ಪರಸಿ ಥಪ್ಪಿ ಹಿಡದು ಇಪ್ಪತ್ತು ಸಲ ಕುಂತು ಇಪ್ಪತ್ತು ಸಲ ಎದ್ರು. ಎರಡು ತಿಂಗಳಿಗಿ ಕುರ್ಚಿ ಬಿಟ್ಟು ದೋಸ್ತ್‌ಗಳ ಸಾಲಿಗಿ ಹೋಗಿ ಕುಂತ್ರು. ಅವತ್ತು ದವಾಖಾನಿಗಿ ಬಂದು ನನ್ನ ಅಪ್ಪಿಕೊಂಡ ರೀತಿಗಿ ನನ್ನ ಬೆನ್ನೇ ಒಂದು ಸಲ ಟಕ್ ಅಂತು.

ಆ ಖುಷ್ಯಾಗ ಚಾಚಾ ನನಗೊಂದು ಕಾಣಿಕಿ ತಂದ್ರು. ಕಟ್ಟಿಗಿ ಟೇಬಲ್ ಬದ್ಲಿ, ಕಬ್ಬಿಣದ ಕಾಲಿನ ಮ್ಯಾಲ ಆರು ಫೂಟಿನ ಶಹಾಬಾದ ಪರಸಿ. ಅದಕ್ಕ ಪಾಲಿಶ್ ಹೆಂಗ ಕೊಟ್ಟಿದ್ರಂದ್ರ, ಬಗ್ಗಿ ನೋಡಿ ಮೀಸಿ ತಿದ್ದಿಕೊಳ್ಳಬೇಕು, ಹಂಗ.

ಮರುದಿನ ಮೊದಲ ಪೇಶಂಟ್ ವಾಡಿಯ ರಿಟೈರ್ಡ್ ಹೆಡ್‌ಮಾಸ್ತರ್ರು. ಭಾಳ ಶಿಸ್ತಿನ ಮನುಷ್ಯ. ಡಾಕ್ಟರಿಗಿ ತ್ರಾಸು ಬ್ಯಾಡಂತ ಮನ್ಯಾಗೇ ಬೆನ್ನಿಗಿ, ಹೊಟ್ಟಿಗಿ, ಎದಿಗಿ ಎಳ್ಳೆಣ್ಣಿ ಹಚ್ಚಿಕೊಂಡು ಬಂದಿದ್ರು. ಅಂಗಿ ತಗದು, ಟೊಂಕಕ್ಕ ಒಂದು ಟವೆಲ್ ಸುತ್ತಿ ಬೋರಲು ಮಲಗಿದ್ರು.

"ಉಸಿರು ಬಿಡ್ರಿ ಸರ್," ಅಂತಂದು ಒತ್ತಿದೆ.

ಸರ್ ಉಸಿರು ಬಿಟ್ರು, ಟೇಬಲ್ಲೂ ಬಿಟ್ರು. ಕೈಯಾಗಿನ ಸಾಬೂನು ಜಾರಿದಂಗ ಸರ್ ಅಂತ ಜಾರಿ, ಬಾಗಿಲ ಪರದೆ ಸಮೇತ ಹೊರಗಿನ ಕೋಣ್ಯಾಗ ಹೋಗಿ ಕುಂತ್ರು. ಅಲ್ಲಿ ಹನ್ನೊಂದು ಮಂದಿ ಪಾಳಿ ಹಚ್ಚಿದ್ರು. ಅದರಾಗ ನಾಕು ಮಂದಿ ಅವರ ಶಾಲಿದೇ ಹಳೇ ವಿದ್ಯಾರ್ಥಿಗಳು. ನಾಕೂ ಮಂದಿ ಎದ್ದು ನಿಂತು, "ನಮಸ್ಕಾರ್ರೀ ಸರ್!" ಅಂದ್ರು.

ಹೆಡ್‌ಮಾಸ್ತರ್ರು ನೆಲದಿಂದ ಒಂದೇ ಏಟಿಗಿ ಎದ್ದು ನಿಂತ್ರು. ಮೂರು ವಾರದಿಂದ ನನ್ನ ಮುಂದ ಕೈ ಊರದೇ ಒಂದು ಸಲನೂ ಏಳದವರು!

ನಾ ಎಲ್ಲಾ ಮರತು ಚಪ್ಪಾಳಿ ತಟ್ಟಿದೆ. "ಸರ್! ಕೈ ಊರದೇ ಎದ್ರಿ!"

"ಎರಡೂ ಕೈಯಿಂದ ಟವೆಲ್ ಹಿಡದೀನಿ," ಅಂದ್ರು ಅವರು, "ಊರೋದು ಯಾವುದರಿಂದ?"

ಪರವಾಗಿ

ಸೇಡಂ ಆಚಾರ್ರು ನಮ್ಮ ಮನಿ ಪುರೋಹಿತರು. ಮಗಳ ಲಗ್ನ ಮಾಡಿಸೋರೂ ಅವರೇ. ಜನ್ಮ ಪೂರ್ತಿ ಮಣಿ ಮ್ಯಾಲ ಕುಂತು ಕುಂತು ಬೆನ್ನು ಕುಡಗೋಲಾಗಿತ್ತು. ನಾಕು ನಮೂನಿ ಕಸರತ್ತು ಹೇಳಿಕೊಟ್ಟೆ, ಬೆಳಿಗ್ಗಿ ಸಂಜಿ, ಒಂದು ತಿಂಗಳು.

ತಿಂಗಳ ಮ್ಯಾಲ ಬಂದ್ರು. ಬೆನ್ನು ಹಿಂದಿನಂಗೇ. ಆದ್ರ ಹಿಂದ ಚೀಲ ಹಿಡಕೊಂಡು ಬಂದಿದ್ದ ಅವರ ತಮ್ಮ, ಐವತ್ತೆಂಟರ ಮನುಷ್ಯ, ಎದಿ ಉಬ್ಬಿಸಿ ಪೊಲೀಸ್ ಪರೇಡಿಗಿ ಬಂದಂಗ ಬಂದ್ರು.

"ಆಚಾರ್ರೇ, ಕಸರತ್ತು ಮಾಡಿಲ್ಲಲ್ಲ ನೀವು?"

"ಏನ್ ಮಾತಾಡ್ತೀರಿ ಡಾಕ್ಟ್ರೇ! ಒಂದು ಹೊತ್ತೂ ತಪ್ಪಿಲ್ಲ."

"ನೀವು ಮಾಡೀರಿ?"

"ನಮ್ಮ ತಮ್ಮ ಮಾಡ್ಯಾನ." ಆಚಾರ್ರು ಶಲ್ಯ ಸರಿ ಮಾಡ್ಕೊಂಡ್ರು. "ನಾ ಗೋತ್ರ, ಹೆಸರು ಹೇಳಿ, ಸಂಕಲ್ಪ ಮಾಡಿ, ನೀರು ಬಿಟ್ಟು ಅವನಿಗಿ ವಹಿಸೀನಿ. ನಿಮ್ಮ ಮನ್ಯಾಗ ಶಾಂತಿ ಮಾಡಸ್ತೀರಿ, ಜಪ ಮಾಡೋರು ನಾವು, ಫಲ ನಿಮಗ ಬರ್ತದಿಲ್ಲೊ? ಹಂಗೇ ಇದೂ. ವಿಧಿಯಾಗ ಏನೂ ಲೋಪ ಆಗಿಲ್ಲ."

ನನಗ ಸಿಟ್ಟು ನೆತ್ತಿಗೇರಿತು. ಹೊರಗ ಕುಂತವರಿಗೆಲ್ಲ ಕೇಳೋ ಹಂಗ ಒದರಿದೆ: "ಆಚಾರ್ರೇ, ಜಪಕ್ಕ ಪ್ರತಿನಿಧಿ ನಡೀತದ, ಮಣಕಾಲಿಗಿ ನಡ್ಯಂಗಿಲ್ಲ! ನಿಮ್ಮ ಪರವಾಗಿ ನಿಮ್ಮ ತಮ್ಮ ಎದ್ರ ನೀವು ಎದ್ದಂಗಾಗ್ತದೇನು?"

ಹೊರಗಿನವರು ಬಿದ್ದು ಬಿದ್ದು ನಕ್ರು. ಆಚಾರ್ರು ನಗಲಿಲ್ಲ. "ನೆನಪಿಟ್ಟಿರ್ತೀನಿ ಡಾಕ್ಟ್ರೇ," ಅಂತಂದು ಎದ್ರು, ಕೈ ಊರಿಕೊಂಡೇ.

ಅವರು ಹೊರಗ ಹೋದ ಮ್ಯಾಲ ತಮ್ಮ ಒಳಗ ಇಣುಕಿ, ಕೈ ಮುಗದು, "ಡಾಕ್ಟ್ರೇ, ನಿಮ್ಮ ಕಾಲು ಬೀಳ್ತೀನಿ, ನನ್ನ ಕಸರತ್ತು ನಿಲ್ಲಸಂತ ಅಣ್ಣಗ ಹೇಳ್ಬ್ಯಾಡ್ರಿ," ಅಂದ್ರು. "ನನ್ನ ಇಪ್ಪತ್ತು ವರ್ಷದ ಟೊಂಕದ ನೋವು ಹೋಗ್ಯದ."

ಕೊಡ್ಲಿ ಅಜ್ಜಿ

ಲಗ್ನಕ್ಕ ಹದಿನೈದು ದಿನ ಉಳದಾಗ, ಒಂದು ರವಿವಾರ ಮನ್ಯಾಗ ಯಾರೂ ಇಲ್ಲದ ಹೊತ್ತು ನೋಡಿ ನೆಲಕ್ಕ ಕುಂತು ಪರೀಕ್ಷಾ ಮಾಡ್ಕೊಂಡೆ. ಕುಂದರೋದು ಭಾಳ ಸಸಾರ ಆತು. ಏಳಬೇಕಂದೆ, ಬೆನ್ನು ಒಲ್ಲೆ ಅಂತು. ಅಷ್ಟರಾಗ ಹೆಂಡ್ತಿ ಬಂದ್ಲು. ಕೈಗಿ ಸಿಕ್ಕ ಪೇಪರ್ ತಗೊಂಡು ಓದಿಕೋತ ಕುಂತೆ. ಒಂದು ತಾಸು ಓದಿದೆ.

"ಅದು ಹೋದ ವರ್ಷದ ಪೇಪರ್ ಅದರೀ. ಡಬ್ಬಿ ಕೆಳಗ ಹಾಸಲಿಕ್ಕ ಇಟ್ಟಿದ್ದೆ," ಅಂದ್ಲು. ಆಮ್ಯಾಲ ಬಗಲಿಗಿ ಕೈ ಹಾಕಿ ಎಬ್ಬಿಸಿದ್ಲು. ನನಗ ಖರೇನೇ ಅಂಜಿಕಿ ಹತ್ತಿತು.

ನಮ್ಮ ಸೀಮ್ಯಾಗ ಒಂದು ಪದ್ಧತಿ ಅದ. ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗಿ ಒದ್ರ ಹಿಡಕೊಂಡದ್ದು ಬಿಡ್ತದ ಅಂತ. ಚಿಂಚೋಳಿ ಕಡಿ ಕೊಡ್ಲಿ ಅನ್ನೋ ಊರಾಗ ಅಂಥ ಅಜ್ಜಿ ಒಬ್ಬಾಕಿ ಇದ್ಲು. ಆಕಿ ಕಡಿ ಹೋಗಿ ಒದಿಸಿಕೊಂಡು ಬಂದ ಪೇಶಂಟ್‌ಗಳಿಗಿ ನಾ ಎಷ್ಟು ಬೈದೀನಿ ಅಂತೀರಿ! 'ಬುದ್ಧಿ ಇಲ್ಲೇನು? ಬೆನ್ನು ಅಂದ್ರ ಫುಟ್‌ಬಾಲ್ ಏನು?' ಅಂತ.

ಮರುದಿನ ಮುಂಜಾನಿ ಮೊದಲ ಬಸ್ಸಿಗಿ ಕೊಡ್ಲಿಗಿ ಹೊಂಟೆ. ಏಪ್ರಿಲ್ ಬಿಸಿಲಾಗ ಮಾರಿ ತುಂಬ ಮಫ್ಲರ್.

ಅಜ್ಜಿ ಮನಿ ಕಟ್ಟಿ ಮ್ಯಾಲ ಪಾಳಿ ಇತ್ತು. ನನ್ನ ಮುಂದಿನವನೂ ಆ ಝಳದಾಗ ತಲಿ ತುಂಬ ಶಲ್ಯ ಹೊದ್ದುಕೊಂಡು ಕುಂತಿದ್ದ. ಇಂವನೂ ನನ್ನಂಗೇ ಕಳ್ಳ ಅಂತ ನೋಡಿದೆ. ಅಂವನೂ ತಿರುಗಿ ನೋಡಿದ. ಸೇಡಂ ಆಚಾರ್ರು!

"ಡಾಕ್ಟ್ರೇ?"

"ಆಚಾರ್ರೇ?"

"ಇಲ್ಲೊಂದು ವಾಸ್ತುಶಾಂತಿ ಇತ್ತು," ಅಂದ್ರು ಅವರು.

"ನಾನೂ ಒಬ್ಬ ಪೇಶಂಟ್ ನೋಡಲಿಕ್ಕ ಬಂದೆ," ಅಂದೆ ನಾ.

"ಮುಂದಿನ ಇಬ್ಬರೂ ಬರ್ರಿ!" ಅಂತ ಅಜ್ಜಿ ಒಳಗಿಂದ ಕೂಗಿದ್ಲು. ಇಬ್ಬರನ್ನೂ ಹೊಸ್ತಿಲ ಒಳಗ ಗ್ವಾಡಿಗಿ ಮಾರಿ ಮಾಡಿ ನಿಂದ್ರಿಸಿ, ಒಬ್ಬೊಬ್ಬರಿಗಿ ಮೂರು ಮೂರು ಒದ್ಲು. ಎಪ್ಪತ್ತೈದರ ಮುದುಕಿ ಅಂತ ಒಂದು ಒದಿಕಿಯಾಗೂ ಗೊತ್ತಾಗಲಿಲ್ಲ.

"ಏನ್ ಕೆಲಸ ಮಾಡ್ತೀಯೋ ಬಾಬು?" ಅಂತ ನನಗ ಕೇಳಿದ್ಲು.

"ಮಾಸ್ತರ," ಅಂದೆ.

"ನಿನ್ನ ಬೆನ್ನು ಪೂರಾ ಜಂಗ್ ಹಿಡದದ. ಬರೇ ಒದಿಕಿಯಿಂದ ಆಗಂಗಿಲ್ಲ, ದಿನಾ ಕಸರತ್ತು ಬೇಕು. ಶಹಾಬಾದದಾಗ ಒಬ್ಬ ಟಕ್ ಡಾಕ್ಟ್ರು ಅದಾನಂತ, ಭಾಳ ಛಲೋ ಕಸರತ್ತು ಕಲಸ್ತಾನಂತ. ಅಲ್ಲಿಗಿ ಹೋಗು." ಅಜ್ಜಿ ಹೊಸ್ತಿಲ ಮ್ಯಾಲ ಕುಂತು ಮಣಕಾಲು ತಿಕ್ಕಿಕೊಂಡ್ಲು. "ನಾನೂ ಹೋಗಬೇಕಂತ ಮಾಡೀನಿ. ಮಂದಿಗಿ ಒದ್ದು ಒದ್ದು ನನ್ನ ಕಾಲು ಸೋತು ಹೋಗ್ಯಾವ."

ವಾಪಸ್ ಬಸ್ಸಿನ್ಯಾಗ ಇಬ್ಬರೂ ಒಂದೇ ಸೀಟಿನ ಮ್ಯಾಲ ಒರಗದೇ ಕುಂತ್ವಿ. ಹೊರಗ ಯಾರಿಗೂ ಹೇಳಬಾರದು, ನಾಳಿಂದ ಇಬ್ಬರೂ ದಿನಾ ಖುದ್ದಾಗಿ ಕಸರತ್ತು ಮಾಡಬೇಕು ಅಂತ ಆಣಿ ಆತು. ಆಚಾರ್ರು ಆಣಿ ನಡಸಿದ್ರು. ನನಗ ಲಗ್ನದ ಗಡಿಬಿಡಿ ನೋಡ್ರಿ, ಆಮಂತ್ರಣ, ಅಡಗಿಯವರು, ಬೀಗರ ಫೋನು. ನಾಳಿ ಅಂದೆ, ಮತ್ತ ನಾಳಿ ಅಂದೆ.

ಧಾರಿ ಹೊತ್ತು

ಲಗ್ನದ ದಿನ ಮಂಟಪದ ಮುಂದ ಮೊದಲ ಸಾಲಿನ್ಯಾಗ ನೆಗೆಣ್ಣಿಯರು, ಅವರ ಮಗ್ಗಲು ಹೆಡ್‌ಮಾಸ್ತರ್ರು, ತುದಿಗಿ ಹೊಸಾ ಟೊಪ್ಪಿಗಿ ಹಾಕ್ಕೊಂಡು ಚಾಚಾ. ನಾ ಮಣಿ ಮ್ಯಾಲ ಠೀವಿಯಿಂದ ಕಾಲು ಮಡಚಿ ಕುಂತೆ. "ನೋಡ್ರಿ, ಡಾಕ್ಟ್ರು ಹೆಂಗ ಕುಂತಾರ! ಕಂಬ ನಟ್ಟಂಗ!" ಅಂತ ಯಾರೋ ಅಂದದ್ದು ಕಿವಿಗಿ ಬಿತ್ತು. ಅರ್ಧ ತಾಸಿಗಿ ಕಾಲು ಜೋಮು ಹಿಡೀತು. ಒಂದು ತಾಸಿಗಿ ಟೊಂಕದ ಕೆಳಗ ನನಗೇನೂ ಇಲ್ಲ ಅನ್ನಿಸ್ತು.

ಅಂತರಪಟ ಹಿಡದ್ರು. ಆಚಾರ್ರು ಮಣಿ ಮ್ಯಾಲಿಂದ ಕೈ ಊರದೇ ಹಗುರಕ ಎದ್ದು ನಿಂತ್ರು. ನೋಡಿ ಹೊಟ್ಟಿ ಉರೀತು.

"ಮುಹೂರ್ತ ಬಂತು. ಏಳ್ರಿ, ಧಾರಿ ಎರೀರಿ."

ಹೆಂಡ್ತಿ ಎದ್ಲು. ನಾ ಏಳಲಿಲ್ಲ.

"ಏಳ್ರೀ!" ಅಂತ ಆಕಿ ತೋಳು ಚಿವುಟಿದ್ಲು.

"ಏಳಾಕತ್ತೀನಿ," ಅಂದೆ. ಏಳಾಕತ್ತೀನಿ ಅನ್ನೋದು ನನಗಷ್ಟೇ ಗೊತ್ತಿತ್ತು, ಹೊರಗ ಏನೂ ಕಾಣ್ತಿರಲಿಲ್ಲ. ಬೀಗರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಆಚಾರ್ರು ಗಡಿಯಾರ ನೋಡಿದ್ರು, ಮುಹೂರ್ತ ಮುಗೀಲಿಕ್ಕ ಆರು ನಿಮಿಷ ಉಳದಿತ್ತು. ಮಗಳು ಬಾಸಿಂಗದ ಕೆಳಗಿಂದ ನನ್ನನ್ನೇ ನೋಡ್ಲಿಕತ್ತಿದ್ಲು, ಕಣ್ಣು ತುಂಬಿದ್ದವು. ದವಾಖಾನಿ ಹಾಳಾಗಿ ಹೋಗ್ಲಿ, ಇದ್ದ ಒಬ್ಬ ಮಗಳ ಧಾರಿ ನನ್ನ ಸೋಮಾರಿತನದಿಂದ ತಪ್ಪಬಾರದಪ್ಪಾ ದೇವರೇ ಅಂತ ಬೇಡಿಕೊಂಡೆ. ಖರೇನೇ ಅಳು ಬಂತು.

"ಆಚಾರ್ರೇ, ಏನಾರ ಮಾಡ್ರಿ," ಅಂತ ಪಿಸುಗುಟ್ಟಿದೆ.

ಆಚಾರ್ರು ನನ್ನ ಕಡಿ ಬಗ್ಗಿದ್ರು. ಅವರ ಶಲ್ಯಕ್ಕ ಸಣ್ಣ ಮೈಕು ಸಿಗಿಸಿದ್ರು. ಅದು ಚಾಲೂ ಅದ ಅನ್ನೋದು ಅವರು ಮರತಿದ್ರೋ, ಮರತಿರಲಿಲ್ಲೋ, ಆ ನಾರಾಯಣಗೇ ಗೊತ್ತು.

"ಚಿಂತಿ ಮಾಡಬ್ಯಾಡ್ರಿ ಡಾಕ್ಟ್ರೇ," ಅಂದ್ರು. ನಾಕೂ ಸ್ಪೀಕರಿನ್ಯಾಗ ಗುಂಯ್ ಅಂತು. "ನಮ್ಮ ತಮ್ಮ ಇಲ್ಲೇ ಇದ್ದಾನ. ನಿಮ್ಮ ಪರವಾಗಿ ಅವನೇ ಏಳ್ತಾನ."

ಇಡೀ ಮಂಟಪ ಹೋ ಅಂತು. ಅವರ ತಮ್ಮ ಖರೇನೇ ಎದ್ದು ಎದಿ ಉಬ್ಬಿಸಿ ನಿಂತ್ರು. ಬೀಗರು ಸುದ್ದಾ ಹೊಟ್ಟಿ ಹಿಡಕೊಂಡು ನಕ್ರು. ಆ ನಗಿಯಾಗೇ ಚಾಚಾ ಚಪ್ಪಲಿ ಕಳದು, ಮಂಟಪದ ಹಿಂದಿನಿಂದ ಬಂದು, ನನ್ನ ಬಗಲಾಗ ಎರಡೂ ಕೈ ತೂರಿಸಿದ್ರು. ಪರಸಿ ಎತ್ತಿದ ಕೈ ಅವು.

"ಡಾಕ್ಟರ್ ಸಾಬ್, ಉಸಿರು ಬಿಡ್ರಿ. ಅರ್ಧ ಕೆಲಸ ನನ್ನ ಕೈದು, ಅರ್ಧ ನಿಮ್ಮ ಮೈದು."

ಉಸಿರು ಬಿಟ್ಟೆ. ಚಾಚಾ ಎತ್ತಿದ್ರು. ಆಚಾರ್ರ ಮೈಕು ನನ್ನ ಬೆನ್ನಿಗಿ ಗೇಣು ದೂರ ಇತ್ತು. ನಾಕೂ ಸ್ಪೀಕರಿನ್ಯಾಗ ಪಟಾಕಿ ಸರ ಹಚ್ಚಿದಂಗ ಟಕ್, ಟಕ್, ಟಕ್, ಟಕ್, ಟಕ್, ಟಕ್, ಟಕ್!

"ಏಳು!" ಅಂತ ಎಣಿಸಿ ಕೂಗಿದ್ಲು ಚಿತ್ತಾಪುರದ ಹಿರಿ ಸೊಸಿ.

ನಾ ನೆಟ್ಟಗ ನಿಂತಿದ್ದೆ. ಮುಹೂರ್ತ ಇನ್ನೂ ಎರಡು ನಿಮಿಷ ಇತ್ತು. ಧಾರಿ ಎರೆದೆ. ಮಗಳು ಒಂದೇ ಹೊತ್ತಿಗಿ ಅಳ್ತಿದ್ಲು, ನಗ್ತಿದ್ಲು. ನಂದೂ ಅದೇ ಗತಿ. ಕೈಯಾಗಿನ ನೀರು ಯಾವುದು, ಕಣ್ಣಾಗಿನದು ಯಾವುದು ತಿಳೀಲಿಲ್ಲ.

ಇಷ್ಟಾದ ಮ್ಯಾಲ ದವಾಖಾನಿ ಕತಿ ಮುಗೀತು ಅಂದುಕೊಂಡೇ ಸೋಮವಾರ ಬಾಗಿಲು ತಗೀಲಿಕ್ಕ ಹೋದೆ. ನೋಡಿದ್ರ ಪಾಳಿ ರೋಡಿನ ತನಕ ಹೋಗ್ಯದ! ಅಷ್ಟು ಮಂದಿನ್ನ ನಾ ಯಾವತ್ತೂ ನೋಡಿರಲಿಲ್ಲ. ಎಂಥಾ ಭಕ್ತಿ ನಮ್ಮ ಮಂದಿಗಿ ಅಂತ ಅಂಗಿ ಕಾಲರ್ ನೆಟ್ಟಗ ಮಾಡ್ಕೊಂಡೆ. ಪಾಳಿ ಮುಂದ ಹಿರಿ ಸೊಸಿನೇ ನಿಂತಿದ್ಲು.

"ಬರ್ರಿ ಅಕ್ಕಾರ, ಒಳಗ ಬರ್ರಿ," ಅಂದೆ.

"ಇರ್ರಿ ಡಾಕ್ಟ್ರೇ, ಅವಸರೇನಿಲ್ಲ," ಅಂದ್ಲು ಆಕಿ, ಕಟ್ಟಿ ಮ್ಯಾಲ ಕುಂತುಕೊಂಡು. "ಚಾಚಾ ಎಷ್ಟು ಗಂಟಿಗಿ ಬರ್ತಾರ?"